ರಜಸ್ಸೂತಕದ ನಿರಾಕರಣೆಯೂ ಸ್ತ್ರೀಯರ ವಿಶ್ರಾಂತಿಯೂ

ವೀರಶೈವ ಧರ್ಮವು ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಉಚ್ಛಿಷ್ಟ ಸೂತಕ, ಜಾತಿ ಸೂತಕಗಳೆಂಬ ಐದನ್ನೂ ಅಲ್ಲಗಳೆದಿರುವುದು ಸದ್ಭಕ್ತರೆಲ್ಲರಿಗೂ ತಿಳಿದ ಸಂಗತಿಯೇ ಸರಿ. ಜಾತಿ ಸೂತಕವನ್ನು ಕುರಿತು ವೇದಿಕೆಗಳ ಮೇಲೆ ಆಗಾಗ ಉಪನ್ಯಾಸಗಳು ನಡೆಯುತ್ತವೆ. ಜನನ ಮರಣಗಳ ಸೂತಕವಿಲ್ಲವೆಂಬುದನ್ನು ಮನೆಯ ಹಿರಿಯರು ಸಂದರ್ಭ ಬಂದಾಗ ಎತ್ತಿ ಹೇಳುತ್ತಾರೆ. ರಜಸ್ಸೂತಕದ ಮಾತು ಬಂದಾಗ ಮಾತ್ರ ಪುರುಷರು ಸಂಕೋಚದಿಂದ ಸುಮ್ಮನಾಗುತ್ತಾರೆ, ಸ್ತ್ರೀಯರು ಒಳಮನೆಗೆ ಸರಿಯುತ್ತಾರೆ. ಹೀಗಾಗಿ ಪ್ರತಿ ತಿಂಗಳೂ ಮನೆಯ ಅರ್ಧದಷ್ಟು ಜನರ ಬಾಳಿಗೆ ತಗಲುವ ಈ ವಿಷಯದಲ್ಲಿ ಧರ್ಮದ ನಿಲುವೇನು, ಶರೀರದ ಅಗತ್ಯವೇನು ಎಂಬುದು ಇತ್ಯರ್ಥವಾಗದೆ ಉಳಿದಿದೆ. ಇತ್ಯರ್ಥವಾಗದ ಕಾರಣ ಎರಡು ವಿಧದ ಅನ್ಯಾಯಗಳು ಒಟ್ಟಿಗೇ ನಡೆಯುತ್ತಿವೆ. ಸೂತಕವನ್ನು ನಂಬುವ ಮನೆಯಲ್ಲಿ ಹೆಣ್ಣುಮಗಳು ಪೂಜೆಯಿಂದ ದೂರವಾಗುತ್ತಾಳೆ. ಸೂತಕವನ್ನು ನಂಬದ ಮನೆಯಲ್ಲಿ ಆಕೆ ವಿಶ್ರಾಂತಿಯಿಂದ ವಂಚಿತಳಾಗುತ್ತಾಳೆ.

ಮೊದಲನೆಯದನ್ನು ಮೊದಲು ವಿಚಾರಿಸಬೇಕು. ಇಷ್ಟಲಿಂಗವು ದೀಕ್ಷೆಯಾದಂದಿನಿಂದ ಅಂಗವನ್ನು ಅಗಲದೆ ಇರತಕ್ಕದ್ದು. ನಿದ್ರೆಯಲ್ಲಾಗಲಿ, ರೋಗದಲ್ಲಾಗಲಿ, ಪ್ರಯಾಣದಲ್ಲಾಗಲಿ ಅದನ್ನು ತೆಗೆದಿರಿಸುವ ಕಟ್ಟಳೆಯಿಲ್ಲ. ಹೀಗಿರುವಲ್ಲಿ ತಿಂಗಳಿಗೆ ಮೂರು ನಾಲ್ಕು ದಿನ ಸ್ತ್ರೀಯ ಶರೀರವು ಅಶುದ್ಧವೆಂದು ಒಪ್ಪಿದರೆ, ಆ ದಿನಗಳಲ್ಲಿ ಲಿಂಗವನ್ನು ಎಲ್ಲಿಡಬೇಕು? ತೆಗೆದಿಟ್ಟರೆ ಲಿಂಗಧಾರಣೆಯೇ ಮುರಿಯಿತು. ತೆಗೆದಿಡದಿದ್ದರೆ ಅಶುದ್ಧವಾದ ಎದೆಯ ಮೇಲೆ ಲಿಂಗವಿದ್ದಂತಾಯಿತು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಒಂದೇ: ಆ ಶರೀರವು ಅಶುದ್ಧವೇ ಅಲ್ಲವೆಂದು ಒಪ್ಪುವುದು. ಶರಣರು ಈ ದಾರಿಯನ್ನೇ ಹಿಡಿದರು. ವಚನಗಳು ಮಾತ್ರವಲ್ಲ, ಸಂಸ್ಕೃತದ ಸಿದ್ಧಾಂತ ಶಿಖಾಮಣಿಯೂ ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದ ಸೂತಕವಿಲ್ಲವೆಂದು ಸಾರುತ್ತದೆ. ಅನೇಕ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರುವ ಪಂಡಿತರು ಈ ಒಂದು ವಿಷಯದಲ್ಲಿ ಜಗಳವಾಡುವ ಹಾಗಿಲ್ಲ.

ಇದು ಕೇವಲ ಗ್ರಂಥದ ಮಾತಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯಲ್ಲಿ ಬಹುಕಾಲ ವಾಸವಾಗಿದ್ದ ಫ್ರೆಂಚ್ ಪಾದ್ರಿ ದುಬುವಾ, ಇತರ ಜನರು ಪಾಲಿಸುವ ಮುಟ್ಟಿನ ಮತ್ತು ಸಾವಿನ ಮೈಲಿಗೆಯನ್ನು ಲಿಂಗವಂತರು ಮನ್ನಿಸುವುದಿಲ್ಲವೆಂದು ಬರೆದಿಟ್ಟಿದ್ದಾನೆ. ಆತನಿಗೆ ಈ ಧರ್ಮದ ಮೇಲೆ ವಿಶೇಷ ಒಲವೇನೂ ಇರಲಿಲ್ಲ. ಪರಕೀಯನ ಕಣ್ಣಿಗೂ ಎದ್ದು ಕಾಣುವಷ್ಟು ಆ ಆಚರಣೆ ಆಗ ಗಟ್ಟಿಯಾಗಿತ್ತೆಂದು ಇದರಿಂದ ತಿಳಿಯಬಹುದು. ಇಂದಿನ ಸ್ಥಿತಿಯೇನು? ಅನೇಕ ಲಿಂಗವಂತ ಮನೆಗಳಲ್ಲಿ ನೆರೆಹೊರೆಯ ಆಚಾರವು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕಿದೆ. ಕೊರಳಲ್ಲಿ ಲಿಂಗವಿದ್ದೂ ಹೆಣ್ಣುಮಗಳು ‘ಹೊರಗಾದೆ’ನೆಂದು ಹೇಳಿ ದೇವರ ಜಗುಲಿಯತ್ತ ಸುಳಿಯುವುದಿಲ್ಲ, ವಿಭೂತಿ ಮುಟ್ಟುವುದಿಲ್ಲ, ಲಿಂಗಪೂಜೆಯನ್ನು ನಾಲ್ಕನೆಯ ದಿನದ ತಲೆಸ್ನಾನದವರೆಗೆ ಮುಂದಕ್ಕೆ ಹಾಕುತ್ತಾಳೆ. ಕೇಳಿದರೆ ‘ಹಿಂದಿನಿಂದ ನಡೆದು ಬಂದದ್ದು’ ಎಂಬ ಉತ್ತರ ಬರುತ್ತದೆ. ಹನ್ನೆರಡನೆಯ ಶತಮಾನಕ್ಕಿಂತ ಹಿಂದಿನಿಂದ ಬಂದದ್ದೆಂದರೆ ಸರಿಯಾದೀತು.

ಇನ್ನು ಎರಡನೆಯ ಅನ್ಯಾಯ. ಇದು ಸೂಕ್ಷ್ಮವಾದುದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸೂತಕವಿಲ್ಲವೆಂದ ಮೇಲೆ ಆ ದಿನಗಳಿಗೂ ಉಳಿದ ದಿನಗಳಿಗೂ ಭೇದವೇನು, ಎಂದಿನಂತೆ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಲಿ ಎಂದು ಮನೆಯವರು ಭಾವಿಸುತ್ತಾರೆ. ‘ಮೊದಲು ಮೂರು ದಿನವಾದರೂ ಮೂಲೆಯಲ್ಲಿ ಕೂಡುತ್ತಿದ್ದೆವು, ಈಗ ಅದೂ ಇಲ್ಲ’ ಎಂಬ ಮಾತು ವಯಸ್ಸಾದ ತಾಯಂದಿರ ಬಾಯಲ್ಲಿ ಕೇಳಿಬರುವುದುಂಟು. ಆ ಮಾತಿನಲ್ಲಿ ಅರ್ಧ ನಿಜವಿದೆ. ಹೊರಗೆ ಕೂಡಿಸುವ ಪದ್ಧತಿಯು ಒಲೆಯ ಮುಂದಿನ ದುಡಿಮೆಯನ್ನು ತಪ್ಪಿಸಿತೇ ಹೊರತು ಎಲ್ಲ ದುಡಿಮೆಯನ್ನಲ್ಲ. ಸಗಣಿ ಬಾಚುವುದು, ಹೊದಿಕೆ ಒಗೆಯುವುದು, ಹೊಲದ ಕಸ ತೆಗೆಯುವುದು ಮೊದಲಾದ ‘ಹೊರಗಿನ’ ಕೆಲಸಗಳಿಗೆ ಮೈಲಿಗೆ ಅಡ್ಡ ಬರಲಿಲ್ಲ. ತುಮಕೂರು ಚಿತ್ರದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುವ ವಾಡಿಕೆಯನ್ನು ಬಿಡಿಸಲು ಸರಕಾರವೂ ಜನಸೇವಕರೂ ಬಹಳ ಶ್ರಮಪಡಬೇಕಾಗಿದೆ. ನೇಪಾಳ ದೇಶವಂತೂ ಇಂತಹದೇ ವಾಡಿಕೆಯನ್ನು 2017ರಲ್ಲಿ ಕಾನೂನು ಮಾಡಿ ಅಪರಾಧವೆಂದು ಸಾರಬೇಕಾಯಿತು. ಚಳಿ, ಮಳೆ, ಹಾವು ಚೇಳುಗಳ ನಡುವೆ ಒಬ್ಬಳೇ ಮಲಗುವುದನ್ನು ವಿಶ್ರಾಂತಿಯೆಂದು ಯಾರೂ ಕರೆಯಲಾರರು.

ಆದುದರಿಂದ ಬೇರ್ಪಡಿಸಬೇಕಾದ ಎರಡು ವಸ್ತುಗಳಿವೆ. ಸೂತಕವು ಮನಸ್ಸು ಕಲ್ಪಿಸಿದ್ದು, ಅದನ್ನು ಬಿಡಬೇಕು. ಆಯಾಸವು ಶರೀರದ್ದು, ಅದನ್ನು ಗೌರವಿಸಬೇಕು. ಕಾಯಕವೆಂಬ ಪದದಲ್ಲಿಯೇ ಕಾಯವಿದೆ. ಕಾಯವನ್ನು ಸವೆಸಿ ಹಾಳುಮಾಡುವುದು ಕಾಯಕವಾಗಲಾರದು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಪತಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಕಾಯಕಕ್ಕೆ ಒಂದು ಅಳತೆ ಉಂಟೆಂಬುದೂ ಅದರಲ್ಲಿ ಅಡಗಿದೆ. ಹೆಚ್ಚು ದುಡಿದವನು ಹೆಚ್ಚಿನ ಭಕ್ತನೆಂದು ಆಕೆ ತಿಳಿಯಲಿಲ್ಲ. ನೂಲುವ ಕಾಯಕದ ಕದಿರ ರೆಮ್ಮವ್ವೆ, ಹಿರೇಕೆರೂರಿಗೆ ದೂರವಲ್ಲದ ಹಿರೇಜಂಬೂರಿನಲ್ಲಿ ಅಂಗಳ ಗುಡಿಸುವ ಕಾಯಕದಲ್ಲಿದ್ದ ಸತ್ಯಕ್ಕ, ಇವರೆಲ್ಲ ಮೈಮುರಿದು ದುಡಿದ ಶರಣೆಯರು. ಆ ಮೈಗೆ ತಿಂಗಳ ಧರ್ಮವೂ ಇದ್ದಿತಷ್ಟೆ. ಅವರ ಪೂಜೆ ನಿಲ್ಲಲಿಲ್ಲವೆಂಬುದನ್ನು ಒಪ್ಪುವವರು ಅವರ ಸೊಂಟ ನೋಯಲಿಲ್ಲವೆಂದು ಭಾವಿಸಬಾರದು.

ಶರೀರದಲ್ಲಿ ನಡೆಯುವುದೇನೆಂಬುದನ್ನು ಗೃಹಸ್ಥರಾದ ಪುರುಷರೂ ತಿಳಿದಿರುವುದು ಒಳ್ಳೆಯದು. ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗಿನ ಅವಧಿಯೇ ಒಂದು ಚಕ್ರ. ಅದು ಸರಾಸರಿ 28 ದಿನವೆಂದು ಹೇಳುವುದಾದರೂ 21ರಿಂದ 35 ದಿನಗಳೊಳಗೆ ಎಷ್ಟಿದ್ದರೂ ಸಹಜವೇ. ಸ್ರಾವವು ಎರಡರಿಂದ ಏಳು ದಿನ ಇರಬಹುದು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡವು ಬಿಡುಗಡೆಯಾಗುತ್ತದೆ. ಗರ್ಭಾಶಯವು ಶಿಶುವಿಗಾಗಿ ಹಾಸಿಗೆ ಹಾಸಿದಂತೆ ಒಳಪದರವನ್ನು ಸಿದ್ಧಪಡಿಸಿ, ಗರ್ಭ ನಿಲ್ಲದಿದ್ದರೆ ಅದನ್ನು ಕಳಚಿ ಹೊರಹಾಕುತ್ತದೆ. ಕಳಚುವ ಈ ಕಾರ್ಯಕ್ಕಾಗಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯವು ಗರ್ಭಾಶಯದ ಸ್ನಾಯುಗಳನ್ನು ಹಿಂಡುತ್ತದೆ. ಕಿಬ್ಬೊಟ್ಟೆಯ ನೋವಿಗೂ, ಕೆಲವರಿಗೆ ಆಗುವ ವಾಂತಿ ಭೇದಿಗಳಿಗೂ ಇದೇ ಕಾರಣ. ನೋವು ಹೆಚ್ಚಾಗಿ ಮೊದಲ ಒಂದೆರಡು ದಿನ ಮಾತ್ರ. ಬಿಸಿ ನೀರಿನ ಕಾವು ಕೊಡುವುದರಿಂದಲೂ, ತುಸು ನಡೆದಾಡುವುದರಿಂದಲೂ ಅದು ಶಮನವಾಗುವುದುಂಟು. ಹೋಗುವ ರಕ್ತವು ಸಾಮಾನ್ಯವಾಗಿ 30-40 ಮಿಲಿಲೀಟರ್. ಅದು ಹೊಲಸಲ್ಲ, ವಿಷವಲ್ಲ; ಕೈ ಕೊಯ್ದಾಗ ಬರುವ ರಕ್ತದಂತಹುದೇ ರಕ್ತವು ಗರ್ಭಾಶಯದ ಒಳಪದರದೊಡನೆ ಬೆರೆತು ಬರುತ್ತದೆ, ಅಷ್ಟೆ.

ಹೋದ ರಕ್ತದೊಡನೆ ಕಬ್ಬಿಣದ ಅಂಶವೂ ಹೋಗುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಶಾಕಾಹಾರದಲ್ಲಿರುವ ಕಬ್ಬಿಣವು ಶರೀರಕ್ಕೆ ಹತ್ತುವುದು ಕಡಿಮೆಯಾದುದರಿಂದ ಲಿಂಗವಂತರ ಮನೆಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ಎಚ್ಚರ ಬೇಕು. ಪುಂಡಿಪಲ್ಯ, ರಾಜಗಿರಿ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರು ಮಡಿಕೆ ಕಾಳುಗಳು ಬಡವರ ಕೈಗೂ ಎಟಕುವಂತಹವು. ಊಟದಲ್ಲಿ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣವು ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ವ್ಯರ್ಥವಾಗುತ್ತದೆ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ತಾನು ಉಣ್ಣುವ ಗೃಹಿಣಿಯ ವಾಡಿಕೆಯನ್ನು ಪತಿವ್ರತಾಧರ್ಮವೆಂದು ಹೊಗಳುವವರು ಈ ಸಂಖ್ಯೆಯನ್ನು ಮತ್ತೊಮ್ಮೆ ಓದಿಕೊಳ್ಳುವುದು ಲೇಸು.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಉಪದೇಶ ಹೊರಟಿದೆ. ಚಕ್ರದ ಮೊದಲ ವಾರ ಇಂತಹ ಕೆಲಸ, ಎರಡನೆಯ ವಾರ ಇಂತಹ ವ್ಯಾಯಾಮ, ಮೂರನೆಯದರಲ್ಲಿ ಇಂತಹ ಆಹಾರ ಎಂದು ಎಲ್ಲ ಸ್ತ್ರೀಯರಿಗೂ ಒಂದೇ ಪಂಚಾಂಗವನ್ನು ಬರೆದುಕೊಡುವವರಿದ್ದಾರೆ. ಇದಕ್ಕೆ ಬಲವಾದ ಆಧಾರವಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಟ್ಟಿನ ಮೊದಲ ದಿನಗಳಲ್ಲಿ ದೇಹದ ಕಸುವು ಕುಗ್ಗುವುದು ಅತ್ಯಲ್ಪವೆಂದೂ, ಒಬ್ಬೊಬ್ಬರ ಅನುಭವವನ್ನು ಪ್ರತ್ಯೇಕವಾಗಿ ನೋಡಬೇಕೆಂದೂ ಕಂಡುಬಂದಿತು. ಒಬ್ಬಾಕೆ ಮೊದಲ ದಿನವೇ ನಿರಾಯಾಸವಾಗಿ ದುಡಿಯಬಲ್ಲಳು. ಇನ್ನೊಬ್ಬಾಕೆಗೆ ಮುಟ್ಟಿನ ಹಿಂದಿನ ನಾಲ್ಕು ದಿನಗಳೇ ಕಠಿಣ: ತಲೆಶೂಲೆ, ಎದೆಬಿಗಿತ, ಸಿಡುಕು, ನಿದ್ದೆಗೇಡು. ಮಗದೊಬ್ಬಾಕೆಗೆ ಎರಡನೆಯ ದಿನ ಮೇಲೇಳಲಾಗದು. ಹೊರಗಿನವರು ಹಾಕಿಕೊಟ್ಟ ಕಟ್ಟಳೆ ಸೂತಕದ್ದಾದರೇನು, ಹೊಸ ಶಾಸ್ತ್ರದ್ದಾದರೇನು? ತನ್ನ ಅರಿವೇ ತನಗೆ ಗುರುವೆಂಬ ಶರಣರ ತತ್ತ್ವವು ಇಲ್ಲಿಯೂ ಸಲ್ಲುವುದು.

ಆ ಅರಿವಿಗೆ ಸಾಧನವು ಸುಲಭ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನಕ್ಕೆ ಒಂದು ಚುಕ್ಕೆ. ನೋವಿನ ದಿನಕ್ಕೆ ಒಂದು ಗೆರೆ. ಸ್ರಾವ ಹೆಚ್ಚಾದ ದಿನಕ್ಕೆ ಎರಡು ಗೆರೆ. ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುವ ಜಾಗದಲ್ಲಿಯೇ ಇದನ್ನೂ ಬರೆಯಬಹುದು, ಅಡಗಿಸುವ ಅವಶ್ಯಕತೆಯಿಲ್ಲ. ಮೂರು ನಾಲ್ಕು ತಿಂಗಳಾದ ಮೇಲೆ ತನ್ನ ಶರೀರದ ರೀತಿ ತನಗೇ ಗೋಚರವಾಗುತ್ತದೆ.

ಗೋಚರವಾದ ಮೇಲೆ ಮಾಡಬೇಕಾದುದೇನೆಂಬುದಕ್ಕೆ ಬಂಕಾಪುರದಂತಹ ಊರನ್ನೇ ತೆಗೆದುಕೊಳ್ಳಬಹುದು. ರಾಷ್ಟ್ರಕೂಟರ ಬಂಕೇಯನ ಹೆಸರನ್ನು ಹೊತ್ತು, ನವಿಲುಗಳಿಗೆ ಅಭಯವಿತ್ತ ಹಳೆಯ ಕೋಟೆಯನ್ನು ಪಕ್ಕದಲ್ಲಿಟ್ಟುಕೊಂಡಿರುವ ಈ ಊರಿನ ಸುತ್ತಣ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಶೇಂಗಾಗಳ ಕೆಲಸದ ಬಹುಪಾಲು ಸ್ತ್ರೀಯರದೇ. ಮುಂಗಾರಿನಲ್ಲಿ ಕಸ ತೆಗೆಯುವಾಗ ದಿನವಿಡೀ ಕುಕ್ಕುರುಗಾಲಿನಲ್ಲಿ ಕೂಡಬೇಕು. ಹತ್ತಿ ಬಿಡಿಸುವಾಗ ಬಗ್ಗಿದ ಸೊಂಟ ಏಳುವುದಿಲ್ಲ. ತೆನೆ ಮುರಿಯುವಾಗ ತಲೆಯ ಮೇಲೆ ಹೊರೆ. ಹೊಲದಲ್ಲಿ ಮರೆಯೂ ಇಲ್ಲ, ನೀರೂ ಇಲ್ಲ. ಬಟ್ಟೆ ಬದಲಿಸಲು ಮುಂಜಾನೆಯಿಂದ ಸಂಜೆಯವರೆಗೆ ಕಾಯಬೇಕಾದುದು ನೋವಿಗಿಂತಲೂ ಹೆಚ್ಚಿನ ಸಂಕಟ. ಬಿತ್ತನೆ ಮುಟ್ಟಿಗಾಗಿ ಕಾಯುವುದಿಲ್ಲ, ಹದ ಮೀರಿದರೆ ವರ್ಷವೇ ಹೋಯಿತು ಎಂದು ಒಕ್ಕಲಿಗನು ಹೇಳುವುದರಲ್ಲಿ ಸತ್ಯವಿದೆ. ಹದ ಕಾಯುವುದಿಲ್ಲ, ನಿಜ. ಆದರೆ ಕೈಗಳು ಬದಲಾಗಬಹುದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಹಿಂದಿನಿಂದಲೂ ಇದೆ. ಇಂದು ಇವಳು ಅವಳ ಹೊಲಕ್ಕೆ, ನಾಳೆ ಅವಳು ಇವಳ ಹೊಲಕ್ಕೆ. ಈ ಮುಯ್ಯಿಯ ದಿನಗಳನ್ನು ಗೊತ್ತುಮಾಡುವಾಗ ಕ್ಯಾಲೆಂಡರಿನ ಚುಕ್ಕೆಯನ್ನೂ ನೋಡಿಕೊಂಡರೆ ಕಠಿಣ ದಿನದ ಸರದಿಯನ್ನು ಎರಡು ದಿನ ಆಚೆ ಈಚೆ ಮಾಡುವುದು ಕಷ್ಟವಲ್ಲ. ಗೆಳತಿಯರ ನಡುವೆ ಇದು ಹೇಳದೆಯೇ ನಡೆಯುವುದೂ ಉಂಟು. ಹೊಲದ ಒಡೆಯನು ಬದುವಿನ ಬಳಿ ನಾಲ್ಕು ತಟ್ಟು ಕಟ್ಟಿ, ಒಂದು ಕೊಡ ನೀರಿಡಿಸಿದರೆ ಅವನ ಬೆಳೆಗೇನೂ ನಷ್ಟವಾಗದು.

ಮನೆಯೊಳಗೂ ಹೀಗೆಯೇ. ಅತ್ತೆ, ಇಬ್ಬರು ಸೊಸೆಯಂದಿರು, ಮೈನೆರೆದ ಮಗಳು ಇರುವ ಮನೆಯಲ್ಲಿ ಎಲ್ಲರ ಕಠಿಣ ದಿನಗಳು ಒಂದೇ ಬಾರಿ ಬರುವುದು ಅಪರೂಪ. ರೊಟ್ಟಿ ಬಡಿಯುವ ಸರದಿ, ನೀರು ತರುವ ಸರದಿ, ಹೊದಿಕೆ ಒಗೆಯುವ ದಿನ, ಹಪ್ಪಳ ಶಾವಿಗೆ ಹಾಕುವ ದಿನ ಇವನ್ನು ಹಂಚಿಕೊಳ್ಳಬಹುದು. ಒಬ್ಬಳೇ ಗೃಹಿಣಿಯಿರುವ ಮನೆಯಲ್ಲಿ ಆ ಹೊರೆ ಪತಿಯದು. ಕೊಡ ಹೊತ್ತರೆ, ಒಂದು ದಿನ ಅನ್ನಕ್ಕಿಟ್ಟರೆ ಪುರುಷನ ಲಿಂಗನಿಷ್ಠೆಗೆ ಕುಂದು ಬಂದ ಉದಾಹರಣೆ ಎಲ್ಲಿಯೂ ಇಲ್ಲ. ಆ ದಿನ ಆಕೆಯು ಮೈಗೆ ಹಿತವಾದ ಬಿಸಿನೀರಿನಲ್ಲಿ ಮಿಂದು, ಎಂದಿನಂತೆ ಲಿಂಗಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ ಮಲಗಲಿ. ಸೂತಕವನ್ನು ಬಿಟ್ಟು ವಿಶ್ರಾಂತಿಯನ್ನು ಉಳಿಸಿಕೊಳ್ಳುವುದೆಂದರೆ ಇಷ್ಟೇ. ಬಟ್ಟೆಯನ್ನು ಬಳಸುವವರು ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ನಾಚಿಕೆಯಿಂದ ಕತ್ತಲೆಯ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಾಕಿದರೆ ತೇವ ಉಳಿದು ತುರಿಕೆ ಹುಣ್ಣುಗಳಿಗೆ ಕಾರಣವಾಗುತ್ತದೆ.

ರಜೆಯ ಪ್ರಶ್ನೆಯೂ ಈಚೆಗೆ ಎದ್ದಿದೆ. ಜಪಾನು 1947ರಷ್ಟು ಹಿಂದೆಯೇ ಕಾರ್ಮಿಕ ಕಾನೂನಿನಲ್ಲಿ ಇದಕ್ಕೆ ಅವಕಾಶ ಮಾಡಿತು. ಬಿಹಾರ ಸರಕಾರವು 1992ರಲ್ಲಿ ತನ್ನ ಸ್ತ್ರೀ ನೌಕರರಿಗೆ ತಿಂಗಳಿಗೆ ಎರಡು ದಿನದ ರಜೆಯನ್ನು ಕೊಟ್ಟಿತು. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಸರಕಾರಿ ಮತ್ತು ಖಾಸಗಿ ನೌಕರಿಗಳೆರಡರಲ್ಲಿಯೂ ತಿಂಗಳಿಗೆ ಒಂದು, ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯನ್ನು ಒಪ್ಪಿತು. ಮರುತಿಂಗಳು ಆದೇಶ ಹೊರಟಿತು. ಅದನ್ನು ಪ್ರಶ್ನಿಸಿ ಕೆಲವು ಉದ್ಯಮದವರು ಉಚ್ಚ ನ್ಯಾಯಾಲಯಕ್ಕೆ ಹೋದದ್ದೂ ಉಂಟು. ಕಾರ್ಖಾನೆಯ, ಕಚೇರಿಯ ಹೆಣ್ಣುಮಕ್ಕಳಿಗೆ ಇದು ದೊಡ್ಡ ಸಮಾಧಾನ. ಆದರೆ ದಿನಗೂಲಿಯ ಮೇಲೆ ಹೊಲಕ್ಕೆ ಹೋಗುವವಳಿಗೆ, ಸ್ವಂತ ಮನೆಯಲ್ಲಿ ದುಡಿಯುವವಳಿಗೆ ಹಾಜರಿ ಪುಸ್ತಕವೇ ಇಲ್ಲ, ರಜೆ ಬರೆಯುವುದೆಲ್ಲಿ? ಅವಳ ರಜೆಯನ್ನು ಮಂಜೂರು ಮಾಡತಕ್ಕವರು ಮನೆಯವರೇ, ಹೊಲದ ಒಡೆಯರೇ.

ಇಲ್ಲಿ ಎರಡು ಅಪಾಯಗಳನ್ನು ಎತ್ತಿ ಹೇಳದಿದ್ದರೆ ವಿಷಯವು ಪೂರ್ತಿಯಾಗದು. ಜಾತ್ರೆ, ಗೃಹಪ್ರವೇಶ, ಮದುವೆ, ಶ್ರಾವಣದ ಪೂಜೆಗಳು ಬಂದೊಡನೆ ಮುಟ್ಟನ್ನು ಮುಂದೂಡುವ ಗುಳಿಗೆಯನ್ನು ಔಷಧದ ಅಂಗಡಿಯಿಂದ ತಾವೇ ತಂದು ನುಂಗುವ ರೂಢಿ ಹಬ್ಬಿದೆ. ನಾರ್‌ಎಥಿಸ್ಟೆರೋನ್ ಎಂಬ ಈ ಔಷಧವು ಹಾರ್ಮೋನು ಜಾತಿಯದು. ಕೆಲವರಿಗೆ ಇದರಿಂದ ತಲೆನೋವು, ವಾಕರಿಕೆ, ಎದೆನೋವುಗಳಾಗುತ್ತವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಇದು ಜೀವಕ್ಕೇ ಅಪಾಯಕರ. ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಕೂಡದು. ಅದಕ್ಕಿಂತ ಮುಖ್ಯವಾದುದೆಂದರೆ, ಲಿಂಗವಂತ ಸ್ತ್ರೀಗೆ ಪೂಜೆಗಾಗಿ ಈ ಗುಳಿಗೆ ಬೇಕಾಗುವುದೇ ಇಲ್ಲ. ಯಾವ ಧರ್ಮವು ಆ ದಿನಗಳಲ್ಲಿಯೂ ಲಿಂಗವು ಎದೆಯ ಮೇಲಿರಲೆಂದಿತೋ ಆ ಧರ್ಮದ ಹಬ್ಬಕ್ಕಾಗಿ ಶರೀರದ ಧರ್ಮವನ್ನು ತಡೆಹಿಡಿಯುವುದು ವಿಪರ್ಯಾಸ.

ಎರಡನೆಯದು ಇನ್ನೂ ಘೋರ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಸ್ತ್ರೀಯರು ಗರ್ಭಕೋಶವನ್ನೇ ತೆಗೆಸಿಕೊಂಡಿರುವ ಸಂಗತಿ 2019ರಲ್ಲಿ ಬೆಳಕಿಗೆ ಬಂದು, ಆ ರಾಜ್ಯದ ಸರಕಾರ ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಕೆಲಸಕ್ಕೆ ಬಾರದ ಒಂದೊಂದು ದಿನಕ್ಕೂ ಅಲ್ಲಿ ದಂಡ ಕಡಿಯುತ್ತಿದ್ದರು. ದೂರದ ಸುದ್ದಿಯೆಂದು ಕೈಬಿಡುವಂತಿಲ್ಲ. ಇದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿಯೂ ನೂರಾರು ಬಡ ಹೆಣ್ಣುಮಕ್ಕಳಿಗೆ, ಅವರಲ್ಲಿ ಅನೇಕ ಲಂಬಾಣಿ ತಾಯಂದಿರಿಗೆ, ಅನಾವಶ್ಯಕವಾಗಿ ಈ ಶಸ್ತ್ರಕ್ರಿಯೆ ಆಗಿದೆಯೆಂಬ ದೂರು ಎದ್ದು, ಅವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಎರಡು ಮಕ್ಕಳಾದ ಮೇಲೆ ಗರ್ಭಕೋಶದಿಂದ ಪ್ರಯೋಜನವೇನು, ತೆಗೆಸಿದರೆ ತಿಂಗಳ ಕಾಟವೇ ತಪ್ಪಿತು ಎಂಬ ಮಾತನ್ನು ಮನೆಯವರೇ ಆಡುವುದುಂಟು. ಚಿಕ್ಕ ವಯಸ್ಸಿನಲ್ಲಿ, ಅದರಲ್ಲಿಯೂ ಅಂಡಾಶಯಗಳ ಸಹಿತ ತೆಗೆದರೆ, ಮೂಳೆ ಸವೆಯುವುದು, ಹೃದ್ರೋಗದ ಸಂಭವ ಹೆಚ್ಚುವುದು. ದುಡಿಯಲೆಂದು ಮಾಡಿಸಿದ ಶಸ್ತ್ರಕ್ರಿಯೆಯಿಂದ ದುಡಿಯುವ ಶಕ್ತಿಯೇ ಕುಂದುವುದು. ನಿಜವಾದ ರೋಗವಿದ್ದಲ್ಲಿ ಶಸ್ತ್ರಕ್ರಿಯೆ ಬೇಕಾದೀತು. ಆಗಲೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಸಹಿ ಹಾಕಬಾರದು.

ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಬೇರೆಯೇ ಇವೆ. ಸ್ರಾವ ಏಳು ದಿನ ಮೀರುವುದು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ತೊಯ್ಯುವುದು, ದೊಡ್ಡ ಗಡ್ಡೆಗಳು ಬೀಳುವುದು, ಎರಡು ಮುಟ್ಟುಗಳ ನಡುವೆ ರಕ್ತ ಕಾಣುವುದು, ನೋವಿನಿಂದ ಪ್ರತಿ ತಿಂಗಳೂ ಶಾಲೆಯೋ ಕೆಲಸವೋ ತಪ್ಪುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಬರುವುದು, ಇವುಗಳಲ್ಲಿ ಯಾವುದನ್ನೂ ಸಹಿಸಿಕೊಂಡು ಕೂಡತಕ್ಕದ್ದಲ್ಲ. ಕೊನೆಯದಂತೂ ಒಂದು ದಿನವೂ ತಡಮಾಡುವಂತಹದಲ್ಲ. ಹೋಗುವಾಗ ಗೋಡೆಯ ಕ್ಯಾಲೆಂಡರಿನ ಆ ಮೂರು ನಾಲ್ಕು ಹಾಳೆಗಳನ್ನೂ ಜೊತೆಗೆ ಒಯ್ಯಬೇಕು. ಕೊನೆಯ ಮುಟ್ಟು ಯಾವ ದಿನ ಆಯಿತೆಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ.